ಕೂಲಿ

ಆದೇಶದ ಪ್ರತಿ ಲ್ಯಾಬಿನ ಡ್ರಾಯರಿನಲ್ಲಿ ಉಂಟು,
ಗುಲಾಬಿ ಮೇಣದ ಹಾಳೆಗಳ ಕೆಳಗೆ:
ಅಪ್ರಾಪ್ತೆ ಯಶ್ವಿತಾಳನ್ನು ತಂದೆಯು
ಎರಡನೇ ಮತ್ತು ನಾಲ್ಕನೇ ಶನಿವಾರ
ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ
ಕದ್ರಿ ಪಾರ್ಕಿನಲ್ಲಿ, ಅಥವಾ ಉಭಯರೂ ಒಪ್ಪಿದ ಬೇರೆ ಸ್ಥಳದಲ್ಲಿ.

ಬೇರೆ ಸ್ಥಳ ಈಗ ವಡೋದರಾ.
ಉಭಯರು ಒಪ್ಪಿದ್ದಲ್ಲ.
ರೈಲಿಗೆ ಇಪ್ಪತ್ತೆರಡು ಗಂಟೆ;
ಆರು ಗಂಟೆಯ ಮಗಳಿಗೆ
ಹೋಗಿ ಬರುವ ಹಳಿ ನಲವತ್ತನಾಲ್ಕು.

ಕರಂಗಲ್ಪಾಡಿಯ ಎರಡನೇ ಮಾಳಿಗೆಯಲ್ಲಿ ವಕೀಲರು
ಹಾರುವ ಕಾಗದದ ಮೇಲೆ ಸ್ಟೇಪ್ಲರ್ ಇಟ್ಟು ಹೇಳಿದರು:
'ಮಾರ್ಪಾಡಿಗೆ ಅರ್ಜಿ ಹಾಕುವ. ನೋಟಿಸು ಅಲ್ಲಿ ಮುಟ್ಟಬೇಕು.
ಕೇಸೇ ಅಲ್ಲಿಗೆ ಬರಲಿ ಅಂತ ಅವರು ದೆಹಲಿಗೆ ಹೋಗಲೂಬಹುದು.
ಮಗು ಈಗ ಎಷ್ಟನೇ ಕ್ಲಾಸು?'
ಒಂದನೇ ಅಂದೆ.
ಅವರು ಬರೆದುಕೊಳ್ಳಲಿಲ್ಲ.

ಎರಡನೇ ಶನಿವಾರ ಸುಮ್ಮನೆ ಪಾರ್ಕಿಗೆ ಹೋದೆ.
ಹಾಜರಿಗೆ ಪುರಾವೆ ಬೇಕಂತೆ, ಫೋಟೋ ತೆಗೆದೆ:
ನಾನು, ಗೇಟು, ಟಾರ್ಪಾಲು ಮುಚ್ಚಿದ ಚರುಮುರಿ ಗಾಡಿ,
ಸಮಯ ಹತ್ತು ಗಂಟೆ ಎರಡು ನಿಮಿಷ.

ಅವಳ ತಾಯಿ ಸುಳ್ಳಿ ಅಂತ ನಾನೆಲ್ಲೂ ಬರೆಸಿಲ್ಲ.
ಅಲ್ಲಿ ಸಂಬಳ ದುಪ್ಪಟ್ಟು, ಅಣ್ಣನ ಮನೆ ಎದುರಿಗೇ.
ಇಲ್ಲಿ ನನ್ನ ಬಾಯಿ ಸರಿ ಇರಲಿಲ್ಲ.
ಊರವರ ಬಾಯಿಯ ಅಚ್ಚು ದಿನಾ ತಿದ್ದುವವನಿಗೆ
ಅದೊಂದು ತಿದ್ದಲಿಕ್ಕೆ ಬರಲಿಲ್ಲ.

ಬುಧವಾರ ಏಳರಿಂದ ಏಳೂವರೆ, ವಿಡಿಯೋ ಕರೆ.
ಮೊದಲ ತಿಂಗಳು, 'ಪಪ್ಪಾ ಎಂತ ಮಾಡ್ತಿದ್ದಿ?'
ಮೂರನೇ ತಿಂಗಳು 'ಎಂತ' ಹೋಗಿ 'ಕ್ಯಾ' ಬಂತು.
ನೆಟ್‌ವರ್ಕ್ ಸಿಕ್ಕಿಹಾಕಿಕೊಂಡರೆ ಅವಳ ಮುಖ
ಅರ್ಧ ಆಕಳಿಕೆಯಲ್ಲಿ ನಿಲ್ಲುತ್ತದೆ.
ಹಲ್ಲು ಎಣಿಸುತ್ತೇನೆ. ಕಸುಬಿನ ಚಾಳಿ.

ಕಳೆದ ಬುಧವಾರ ಕೆಳಸಾಲಿನ ನಡುವೆ ಒಂದು ಕಿಂಡಿ.
'ಪಪ್ಪಾ, ಕೂಲಿ ಪೋಂಡು!'

ತುಳುವಿನಲ್ಲಿ ಹಲ್ಲಿಗೆ ಕೂಲಿ ಅಂತಲೇ ಹೇಳುವುದು;
ನನ್ನ ದಿನದ ಕೂಲಿಯೂ ಅದೇ.
ನನ್ನಮ್ಮ ಕಲಿಸಿದ ಮಾತು, ಅಲ್ಲಿ ಯಾರೂ ಆಡದ ಮಾತು,
ಎಲ್ಲಿ ಇಟ್ಟುಕೊಂಡಿದ್ದಳೋ.

'ಮಾಡಿಗೆ ಬಿಸಾಡಬೇಕಲ್ಲ? ಇಲ್ಲಿ ಮಾಡೇ ಇಲ್ಲ.
ಮೇಲೆ ಬೇರೆಯವರ ಮನೆ. ಅದರ ಮೇಲೆ ಇನ್ನೂ ಐದು.'
ಆಗ ಪರದೆಯಲ್ಲಿ ಕಾಣದ ಕಡೆಯಿಂದ ಅವಳ ತಾಯಿ,
ಹನ್ನೊಂದು ತಿಂಗಳಲ್ಲಿ ನನಗೆಂದೇ ಆಡಿದ ಮೊದಲ ಮಾತು:
'ಕವರಿನಲ್ಲಿ ಕಳಿಸ್ತೇನೆ. ಅಡ್ರೆಸ್ ಅದೇ ಅಲ್ವಾ?'

ಅದೇ.

ಬಂದದ್ದು ಮೂರನೇ ಶನಿವಾರ,
ಆದೇಶದಲ್ಲಿ ಇಲ್ಲದ್ದು.
ಹತ್ತಿಯ ಒಳಗೆ ಕುಚ್ಚಲಕ್ಕಿ ಕಾಳಿನಷ್ಟು.
ಸಹಿ ಹಾಕುವ ಕಾಗದವೂ ಇದ್ದೀತು ಅಂತ
ಕವರನ್ನು ತಿರುಗಿಸಿ ಕೊಡವಿದೆ. ಇರಲಿಲ್ಲ.

ಬೋಳೂರಿನ ಮನೆಗೆ ಈಗ ತಗಡಿನ ಮಾಡು,
ಬಿಸಾಡಿದರೆ ಜಾರುತ್ತದೆ.
ಮೂರು ಸಲ ಬಿಸಾಡಿ ಮೂರು ಸಲ
ಅಂಗಳದ ಜಲ್ಲಿಯಲ್ಲಿ ಹುಡುಕಿ ಹೆಕ್ಕಿದೆ.
ಪಕ್ಕದ ಮನೆಯ ಐರಿನ್ ಬಾಯಿ ಹೊರಗೆ ಬಂದು,
'ಎಂತ ಮಾರಾಯ್ರೆ, ಕಾಗೆ ಓಡಿಸುವುದಾ?'

ನಾಲ್ಕನೇ ಸಲ ತಗಡಿನ ಸದ್ದು ಕೆಳಗೆ ಬಂತು.
ಹಲ್ಲು ಬರಲಿಲ್ಲ.