ಸಾಕು

ಮೊದಲ ಪ್ರಶ್ನೆ: ವಾರಕ್ಕೆ ಎಷ್ಟು ಕುಡಿಯುತ್ತೀರಿ?
ಹನಿ ಮುಟ್ಟಿದವಳಲ್ಲ ಎಂದೆ.
ನರ್ಸು ಬರೆದುಕೊಂಡಳು,
ಎಲ್ಲರೂ ಹಾಗೇ ಹೇಳುವುದು ಎಂಬಂತೆ
ಒಂದು ಹುಬ್ಬು ಏರಿಸಿ.

ವುಲ್ವರ್‌ಹ್ಯಾಂಪ್ಟನ್ ಆಸ್ಪತ್ರೆ, ಮಂಗಳವಾರ,
ಕಿಟಕಿಯಾಚೆ ಫೆಬ್ರವರಿಯ ಬೂದಿ.
ಬಲಗೈ ತಲೆಯಡಿ ಮಡಿಸಿ ಮಲಗಿದ್ದೇನೆ.
ಪಕ್ಕೆಲುಬಿನ ಸಂದಿಯಲ್ಲಿ ಯಂತ್ರದ ಬೆರಳೊಂದು
ಬಾಗಿಲು ತಟ್ಟುತ್ತಿದೆ:
ಟಕ್.
ಟಕ್.
ಹತ್ತು ಸಲ. ಒಳಗಿರುವುದು ಏನಂದಿತೆಂದು
ಪರದೆ ಅಂಕಿಯಲ್ಲಿ ತೋರಿಸುತ್ತದೆ.
ಮೆತ್ತಗಿದ್ದರೆ ಕಡಿಮೆ, ಗಡುಸಾದಷ್ಟೂ ಜಾಸ್ತಿ.
ನನ್ನದು ಒಂಬತ್ತು ಪಾಯಿಂಟ್ ನಾಲ್ಕು.

ನಮ್ಮ ಮಾತಿನಲ್ಲಿ ಇದಕ್ಕೊಂದು ಗಾದೆಯೂ ಇಲ್ಲ.
ಎದೆ ಒಡೆಯುತ್ತದೆ, ಕರುಳು ಚುರ್ರೆನ್ನುತ್ತದೆ,
ಪಕ್ಕದ ಮನೆಯ ಹೊಸ ಕಾರಿಗೆ ಹೊಟ್ಟೆ ಉರಿಯುತ್ತದೆ,
ಪಿತ್ತ ನೆತ್ತಿಗೇರುತ್ತದೆ.
ಪಿತ್ತವನ್ನು ಹೆತ್ತ ಇದನ್ನು ಮಾತ್ರ
ಯಾರೂ ವಿಚಾರಿಸಲಿಲ್ಲ.
ಭಾನುವಾರ ಮಟನ್ ಅಂಗಡಿಯಲ್ಲಿ ಅಪ್ಪ
'ಒಂಚೂರು ಈಲಿನೂ ಹಾಕಪ್ಪಾ' ಅಂದಾಗಷ್ಟೇ
ಅದಕ್ಕೊಂದು ಹೆಸರಿತ್ತು.

ಹತ್ತೊಂಬತ್ತು ವರ್ಷ
ಎಪ್ಪತ್ತೊಂಬತ್ತನೇ ನಂಬರಿನ ಬಸ್ಸು ಓಡಿಸಿದೆ.
ಓಡಿದ್ದು ಬಸ್ಸು. ನಾನು ಕೂತಿದ್ದೆ.
ಬಿಲ್‌ಸ್ಟನ್ನಿನಲ್ಲಿ ಏಳು ನಿಮಿಷದ ಬಿಡುವು,
ಎರಡು ಚಮಚ ಸಕ್ಕರೆಯ ಟೀ, ಕ್ರೀಮ್ ಬಿಸ್ಕತ್ತು,
ರಾತ್ರಿ ಹನ್ನೊಂದಕ್ಕೆ ಚಪಾತಿ ತಿಂದರೂ
ಕೊನೆಗೊಂದು ಹಿಡಿ ಅನ್ನ, ಶಾಸ್ತ್ರಕ್ಕೆ.
ಶುಕ್ರವಾರ ಮೂರು ಪೈಂಟು ಏರಿಸುವ ಡೆಸ್ಮಂಡ್,
ತನ್ನ ಲಿವರು ಮಗುವಿನ ಕೆನ್ನೆಯ ಹಾಗಿದೆ ಎಂದು ನಂಬಿರುವವನು,
ನನ್ನ ಸುದ್ದಿ ಕೇಳಿ ಕ್ಯಾಂಟೀನೆಲ್ಲ ತಿರುಗುವಂತೆ ನಕ್ಕ.
ಆಮೇಲೆ ನಗು ನಿಲ್ಲಿಸಿ
ನನ್ನ ತಟ್ಟೆಯ ಬಿಸ್ಕತ್ತನ್ನು ತಾನೇ ತಿಂದ.

ಡಾಕ್ಟರ್ ಪ್ರಿಚರ್ಡ್ ಕಾಗದದಲ್ಲಿ ಎರಡು ಮನೆ ಗೀಚಿದಳು,
ನಮ್ಮ ಬೀದಿಯ ಸಾಲುಮನೆಗಳಂತೆ, ನಡುವೆ ಒಂದೇ ಗೋಡೆ.
ಇದು ಲಿವರ್, ಇದು ಹೃದಯ.
ಇಲ್ಲಿ ತೇವ ಹಿಡಿದರೆ
ಅಲ್ಲಿ ವಾಲ್‌ಪೇಪರು ಬಿಚ್ಚಿಕೊಳ್ಳುತ್ತದೆ.
ನಿಮ್ಮ ಸಕ್ಕರೆ, ಬಿಪಿ, ಸೊಂಟದ ಸುತ್ತಳತೆ,
ಎಲ್ಲ ಒಂದೇ ಕೊಳಾಯಿಯ ಸೋರಿಕೆ.
'ಇಂಥವರನ್ನು ಒಯ್ಯುವುದು ಹೆಚ್ಚಾಗಿ ಲಿವರಲ್ಲ, ಎದೆ'
ಎಂದಳು, ಹವಾಮಾನ ಹೇಳುವಷ್ಟು ಮೆತ್ತಗೆ.

ನಾಲ್ಕನೇ ಅಕ್ಕ ದೇವೀರಮ್ಮ
ನಲವತ್ತೊಂಬತ್ತಕ್ಕೆ ಬಚ್ಚಲಲ್ಲಿ ಕುಸಿದಳು.
ಎದೆ ಹಿಡೀತು ಎಂದರು ಎಲ್ಲ.
ಪಕ್ಕದ ಮನೆಯಲ್ಲಿ ಎಷ್ಟು ವರ್ಷದಿಂದ ಸೋರುತ್ತಿತ್ತೋ,
ಯಾರು ತಟ್ಟಿ ಕೇಳಿದ್ದರು?

ಅವಳ ನಂತರ ಐದನೆಯದೂ ಹೆಣ್ಣಾದಾಗ
ಅಜ್ಜಿ ನನಗೆ ಸಾಕಮ್ಮ ಎಂದು ಹೆಸರಿಟ್ಟಳು,
ದೇವರಿಗೆ ಅರ್ಥವಾಗಲಿ ಎಂದು.
ಅದೇ ಅಜ್ಜಿಗೆ ಮುದ್ದೆ ಇಕ್ಕುವಾಗ
ನಾವು ಸಾಕು ಅಂದದ್ದು ಕಿವಿಗೇ ಬೀಳುತ್ತಿರಲಿಲ್ಲ.
ಇಲ್ಲೂ ಅಷ್ಟೆ, ಯುಗಾದಿಗೆ ಡಡ್ಲಿಯ ಗೆಳತಿಯರ ಮನೆಯಲ್ಲಿ
ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುವ ಕೈಗೆ
ನನ್ನ ಹೆಸರು ಬರೀ ಉಪಚಾರದ ಮಾತು.

'ಮಿಸೆಸ್ ಸಕಾಮಾ, ಹಾಗಂದ್ರೆ ಏನು?'
ಹೊರಡುವಾಗ ನರ್ಸು ಕೇಳಿದಳು.
ಎನಫ್ ಎಂದೆ.
ಪ್ರಶ್ನೆಗಳು ಸಾಕೆಂದೆನೆಂದುಕೊಂಡು
ಪಾಪ, ಪೆನ್ನು ಕೆಳಗಿಟ್ಟಳು.

ಇಳಿಯುತ್ತದಂತೆ ಆ ಅಂಕಿ.
ತೂಕ ಹತ್ತನೇ ಒಂದು ಭಾಗ ಇಳಿದರೆ ಸಾಕು,
ಗಡುಸಾದದ್ದೂ ಮೆದುವಾಗಬಹುದಂತೆ.
'ಬಹುದು' ಎಂಬುದನ್ನು ಡಾಕ್ಟರು ಎರಡು ಸಲ ಹೇಳಿದಳು.

ಗುರುವಾರ ಕೆಲಸ ಮುಗಿಸಿ ನಡೆದೇ ಹೊರಟೆ.
ಎರಡನೇ ಸ್ಟಾಪಿಗೆ ಉಸಿರು ಮೇಲಕ್ಕೆ ಬಂತು.
ಕೋಟಿನೊಳಗೆ ಕೈ ತೂರಿಸಿ ಬಲಪಕ್ಕೆಯನ್ನು
ಬೆರಳ ಗೆಣ್ಣಿನಿಂದ ತಟ್ಟಿದೆ. ಟಕ್.
ಏನೂ ಅನ್ನಲಿಲ್ಲ.
ಅದು ಎಂದೂ ಏನೂ ಅಂದದ್ದಲ್ಲ.

ಅಷ್ಟರಲ್ಲಿ ಎಪ್ಪತ್ತೊಂಬತ್ತು ಬಂತು,
ಒಳಗೆಲ್ಲ ಹಳದಿ ಬೆಳಕು, ಎಲ್ಲರೂ ಕೂತಿದ್ದಾರೆ.
ನಿಲ್ಲಿಸಲಾ ಎಂದು ಡೆಸ್ಮಂಡ್ ಕೈ ಮಾಡಿದ.
ಬೇಡ ಎಂದೆ.
ಆ ಬಸ್ಸನ್ನು ಹೊರಗಿನಿಂದ ನೋಡಿ
ಎಷ್ಟು ಕಾಲವಾಗಿತ್ತು.