ಎಡಬದಿಯ ಬ್ರೇಕು

ಇಪ್ಪತ್ತೆರಡು ವರ್ಷ ನಾನು ಎಡಬದಿಯಲ್ಲೇ ಕೂತವನು.
ನಮ್ಮ ಸ್ಕೂಲಿನ ಕಾರಿಗೆ ಅಲ್ಲಿಯೂ ಒಂದು ಬ್ರೇಕು ಉಂಟು,
ನನ್ನ ಬಲಗಾಲಿನ ಕೆಳಗೆ.
ಕಲಿಯುವವರ ತೊಡೆ ನಡುಗಿದರೆ,
ಎದುರಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನು ಬಡಿಯುತ್ತ ಬಂದರೆ
ಮೆತ್ತಗೆ ಒತ್ತುವುದು.
ಅವರಿಗೆ ಗೊತ್ತೇ ಆಗುವುದಿಲ್ಲ,
ಕಾರು ತಾನಾಗಿ ನಿಂತಿತು ಅಂದುಕೊಳ್ಳುತ್ತಾರೆ.

ಆ ರಾತ್ರಿ ನಾನು ಬಲಬದಿಯಲ್ಲಿದ್ದೆ.
ಎಡಬದಿಯ ಸೀಟಿನಲ್ಲಿ ಒಂದು ಸ್ಟೀಲಿನ ಡಬ್ಬಿ,
ಕುಲಶೇಖರದ ರೋಸಿನ ಮನೆಯಿಂದ
ಜುಲಿಯಾನಳಿಗೆಂದು ಕಟ್ಟಿಕೊಟ್ಟ ಸಾನ್ನ.
ಡಬ್ಬಿಗೆ ಕಾಲಿಲ್ಲ.

ಎರಡೇ ಪೆಗ್ಗು ಅಂತ ಪೊಲೀಸರಿಗೆ ಹೇಳಿದ್ದು.
ಮೂರನೆಯದು ಭಾವ ಹಾಕಿದ್ದು, ಅದು ಲೆಕ್ಕಕ್ಕಿಲ್ಲ.
ನಾಲ್ಕನೆಯದು,
ಹೋಗಲಿ ಬಿಡಿ.

ನಂತೂರಿನಲ್ಲಿ ಕೈ ಅಡ್ಡ ಹಿಡಿದವನಿಗೆ
ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ.
ಊದಿ, ಅಂದ. ಊದಿದೆ.
ಇದೆಂತ ಮಾರಾಯ್ರೆ, ಚಾಯ ಆರಿಸಿದ ಹಾಗೆ? ಜೋರು ಊದಿ.
ಜೋರು ಊದಿದೆ.
ಮಿಷನ್ನು ಬಸ್ ಟಿಕೇಟಿನಷ್ಟು ಚೀಟಿ ಕಕ್ಕಿತು:
ನೂರ ಹನ್ನೆರಡು.

ನೂರು ಮಿಲಿ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ದಾಟಬಾರದು?
ಎಲ್ಲೆಲ್ ಪರೀಕ್ಷೆಗೆ ಬಾಯಿಪಾಠ ಮಾಡಿಸುವವ ನಾನೇ.
ಮೂವತ್ತು ಮಾಸ್ಟ್ರೆ, ಅನ್ನುತ್ತಾರೆ ಎಲ್ಲರೂ ಒಟ್ಟಿಗೆ,
ನರ್ಸಿಂಗಿನ ಹುಡುಗಿಯರು, ದುಬಾಯಿಗೆ ಹೊರಟವರು,
ಅರುವತ್ತಕ್ಕೆ ಸ್ಟೇರಿಂಗ್ ಹಿಡಿದ ಪದ್ಮಾವತಿ ಟೀಚರ್.
ಮೂವತ್ತು.

ಕೋರ್ಟಿನಲ್ಲಿ ನನ್ನ ಮುಂದೆ ಐಸ್ ಲಾರಿಯವ,
ಹಿಂದೆ ಮೆಡಿಕಲ್ ಕಾಲೇಜಿನ ಒಬ್ಬ, ಅಪ್ಪನ ಸಮೇತ.
ತಪ್ಪು ಒಪ್ಪುತ್ತೀರಾ?
ಹೌದು ಸ್ವಾಮಿ.
ಹತ್ತು ಸಾವಿರ. ಅಂದರೆ ಇಬ್ಬರ ಫೀಸು,
ಅವರಲ್ಲೊಬ್ಬ ಹೇಗೂ ಅರ್ಧ ಬಾಕಿ ಇಡುವವನೇ.

ಹಣ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆ.
ಆಮೇಲೆ ಬಂತು ಆರ್‌ಟಿಓದ ನೋಟಿಸು, ಕಾರಣ ಕೇಳಿ.
ಕಾರಣ ಎಂತ ಬರೆಯುವುದು?
ಸೊಸೆಗೆ ರೋಸ್ ಇತ್ತು. ಮಳೆ ಇರಲಿಲ್ಲ. ದಾರಿ ಗೊತ್ತಿತ್ತು.
ಕೌಂಟರಿನಲ್ಲಿ ಸುಗಂಧಿ ಮೇಡಂ ತಲೆ ಎತ್ತಲಿಲ್ಲ,
ವಾರಕ್ಕೆ ಹತ್ತು ಫೈಲು ಅವರ ಕೈಗೆ ಕೊಡುವವ ನಾನು.
ಕಾರ್ಡ್ ಕೊಡಿ ಮಾಸ್ಟ್ರೆ, ಆರು ತಿಂಗಳು.
ನನ್ನ ಮುಖವನ್ನು ಬೇರೆ ಮುಖಗಳ ಜೊತೆ ಸೇರಿಸಿ
ರಬ್ಬರ್ ಬ್ಯಾಂಡು ಹಾಕಿದರು.

ಈಗ ಬಸ್ಸು. ಎದುರಿನ ಸೀಟು ಸಿಕ್ಕಿದರೆ
ಪ್ರತಿ ತಿರುವಿಗೂ ಕಾಲು ನೆಲ ಒತ್ತುತ್ತದೆ.
ಕಂಡಕ್ಟರ್ ನಗುತ್ತಾನೆ:
ತಗಡು ತೂತಾಗ್ತದೆ ಕ್ರಾಸ್ತಾರೆ!
ಅವನ ಅಣ್ಣನಿಗೆ ರಿವರ್ಸ್ ಕಲಿಸಿದ್ದು ನಾನು.

ಇಷ್ಟೆಲ್ಲ ನೆನಪುಂಟು. ನೆನಪಿಲ್ಲದ್ದು ಒಂದೇ,
ಕುಲಶೇಖರದ ಇಗರ್ಜಿಯಿಂದ ನಂತೂರಿನವರೆಗಿನ ರಸ್ತೆ.
ಎರಡೂವರೆ ಕಿಲೋಮೀಟರು,
ಯಾರೋ ಬ್ಲೇಡಿನಲ್ಲಿ ಕೊಯ್ದು ತೆಗೆದ ಹಾಗೆ.
ಒಂದು ರಾತ್ರಿ, ಅದೇ ಹೊತ್ತಿಗೆ, ನಡೆದು ನೋಡಿದೆ.
ಮುಚ್ಚಿದ ಹಾಲಿನ ಬೂತು. ಬಸ್ ಸ್ಟ್ಯಾಂಡಿನಲ್ಲಿ ಮಲಗಿದವ,
ಎರಡೂ ಕಾಲು ರಸ್ತೆಗೆ ಚಾಚಿ.
ಟ್ಯೂಷನ್ ಬ್ಯಾಗಿನಷ್ಟೇ ಬಣ್ಣದ ಒಂದು ನಾಯಿ.
ಬಿಕರ್ನಕಟ್ಟೆಯಲ್ಲಿ ನೆಲಗಡಲೆಯ ಗಾಡಿ.

ಪೊಟ್ಟಣ ಕಟ್ಟುತ್ತ ಅವನೇ ಮಾತು ತೆಗೆದ.
ಬದಿಗೆ ನಿಲ್ಲಿ ಸರ್, ಕಳೆದ ತಿಂಗಳು ಒಂದು ಬಿಳಿ ಕಾರು
ಇಷ್ಟು ಹತ್ತಿರ ಬಂತು, ಇಷ್ಟು,
ಬೆರಳು ತೋರಿಸಿದ,
ಗಾಳಿಗೆ ನನ್ನ ದೀಪ ಆರಿ ಹೋಯ್ತು.
ಮೇಲೆ ಎಲ್ ಬೋರ್ಡ್ ಇತ್ತು.
ಪಾಪ, ಕಲಿಯುವವರು ಯಾರೋ.

ಹೌದು, ಅಂದೆ. ಕಲಿಯುವವರು.
ಇಪ್ಪತ್ತರ ಪೊಟ್ಟಣಕ್ಕೆ ನೂರು ಕೊಟ್ಟು ಹೊರಟೆ.
ಅವನು ಹಿಂದಿನಿಂದ ಓಡಿ ಬಂದು, ಏದುಸಿರು ಬಿಡುತ್ತ,
ಎಂಬತ್ತು ಎಣಿಸಿ
ನನ್ನ ಕೈಯಲ್ಲಿಟ್ಟ.