ಚಕ್ಕುಬಂದಿ

ಬರುವ ಸೋಮವಾರ ಫಲಕ ಇಳಿಸುತ್ತಾರೆ.
ಹಿತ್ತಾಳೆಯದು. ಫಿಯರನ್, ಹಡ್ಸ್‌ವೆಲ್ ಮತ್ತು ಫಿಯರನ್, ವಕೀಲರು,
ಥಾರ್ನ್‌ಬೆಕ್ ಪೇಟೆ, ಕಂಬರ್ಲೆಂಡ್.
ನೂರ ಎಪ್ಪತ್ತೊಂದು ವರ್ಷ ಉಜ್ಜಿ ಉಜ್ಜಿ
ಈಗ ಬೆರಳಿಟ್ಟರಷ್ಟೇ ಓದಲು ಬರುತ್ತದೆ.
ಆ ಸವೆತದಲ್ಲಿ ನಲವತ್ತೊಂದು ವರ್ಷ ನನ್ನ ಕೈಯದು.

ಮ್ಯಾಂಚೆಸ್ಟರಿನ ಕಂಪನಿ ನಮ್ಮನ್ನು ಕೊಂಡಿದೆ.
ಅಲ್ಲಿಂದ ಬಂದ ಹುಡುಗ ಒಳ್ಳೆಯವನೇ, ಚಹಾ ತಾನೇ ಮಾಡಿಕೊಳ್ಳುತ್ತಾನೆ.
"ಏನೇನಿದೆ ಎಲ್ಲ ಪಟ್ಟಿ ಮಾಡಿಕೊಡಿ, ಮಿಸೆಸ್ ರಿಟ್ಸನ್" ಎಂದ.
ಮಾಡುತ್ತಿದ್ದೇನೆ.

ತಗಡಿನ ಪೆಟ್ಟಿಗೆ ಮುನ್ನೂರ ಹನ್ನೆರಡು,
ಕೆಳಗಿನ ಸಾಲಿನವಕ್ಕೆಲ್ಲ ಪ್ರವಾಹದ ಕಂದು ಗೆರೆ.
ಒಂದರ ಬೀಗದ ಕೈ ಇಲ್ಲ. ಅಲುಗಿಸಿದರೆ ಒಳಗೆ
ಏನೋ ಒಂದೇ ಒಂದು ಉರುಳುತ್ತದೆ.

ಮೊದಲ ಕಿರ್ದಿ, ಜೋಸಾಯ ಫಿಯರನ್ನನ ಕೈಬರಹ:
ವಿಧವೆ ಟೈಸನ್, ಗಂಡನ ಉಯಿಲಿನ ಬಾಬ್ತು,
ಹಂದಿಯ ತೊಡೆ ಒಂದು ಸಂದಾಯ.
ಷರಾ: ಉಪ್ಪು ಜಾಸ್ತಿ.
ಗೋಡೆಯ ಚಿತ್ರದಲ್ಲಿ ಅವನು ಬಡವರ ಬಂಧು, ಕೆಳಗೆ ಹಾಗೆಂದೇ ಬರೆದಿದೆ.
ಅದೇ ವಾರ, ಅದೇ ಶಾಯಿಯಲ್ಲಿ,
ಕಲ್ಲುಗಣಿಯ ಧಣಿಗೆ ಹದಿನಾಲ್ಕು ಮನೆಗಳ ತೆರವಿನ ನೋಟಿಸು.
ಅಕ್ಷರ ಮಾತ್ರ ಎರಡರಲ್ಲೂ ಮುತ್ತು ಪೋಣಿಸಿದ ಹಾಗೆ.

ವಿನಿಫ್ರೆಡ್ ಹಡ್ಸ್‌ವೆಲ್ ಬಂದದ್ದು ಇಪ್ಪತ್ತಾರರಲ್ಲಿ.
ವಿ. ಹಡ್ಸ್‌ವೆಲ್ ಎಂದಷ್ಟೇ ಸಹಿ.
ಹನ್ನೊಂದು ವರ್ಷ ಕಾರ್ಲೈಲಿನಿಂದ ಬಂದ ಕಾಗದಕ್ಕೆಲ್ಲ
"ಮಾನ್ಯರೇ, ತಾವು ಸಂಭಾವಿತ ಗಂಡಸು" ಎಂಬ ಧಾಟಿ.
ಆಕೆ ತಿದ್ದಲಿಲ್ಲ.
ಗೆಲ್ಲುತ್ತ ಹೋದಳು.

ಆಮೇಲೆ ಪೆಟ್ಟಿಗೆ ನೂರ ಆರು. ಮೌನ್ಸಿ ವಿರುದ್ಧ ಬರ್ಕೆಟ್.
ಎಂಬತ್ತೊಂದರ ಹಿಮದಲ್ಲಿ ಒಂದು ಗೋಡೆ ಬಿತ್ತು,
ಹದಿನೆಂಟುನೂರ ಎಂಬತ್ತೊಂದು.
ಮತ್ತೆ ಕಟ್ಟುವಾಗ ಒಂಬತ್ತು ಅಡಿ ಈಚೆಗೆ ಎಂದ ಒಬ್ಬ,
ಆಚೆಗೆ ಎಂದ ಇನ್ನೊಬ್ಬ.
ಅಜ್ಜಂದಿರು ಸತ್ತರು, ತಕರಾರು ಸಾಯಲಿಲ್ಲ.
ವಾಯಿದೆಯ ದಿನ ಎರಡು ಮನೆಯವರೂ ಒಂದೇ ಗಾಡಿಯಲ್ಲಿ
ಪಟ್ಟಣಕ್ಕೆ ಹೋಗುತ್ತಿದ್ದರಂತೆ, ಬಾಡಿಗೆ ಉಳಿಯಲಿ ಎಂದು,
ಮಾತಿಲ್ಲದೆ, ಬೆನ್ನಿಗೆ ಬೆನ್ನು ಕೊಟ್ಟು.
ನಲವತ್ತೆಂಟು ವರ್ಷಕ್ಕೆ ತೀರ್ಪು: ಮೌನ್ಸಿಯದೇ ಜಾಗ.
ಗೆದ್ದವನು ಸೋತ, ಸೋತವನು ಸತ್ತ.
ಸತ್ತದ್ದು ನಿಜವಾಗಿಯೇ, ಅದೇ ಈಸ್ಟರಿಗೆ, ಕುರಿದೊಡ್ಡಿಯಲ್ಲಿ.
ಗೆದ್ದವನ ಹತ್ತಿರ ನಮ್ಮ ಬಾಕಿಗೆ ದುಡ್ಡಿರಲಿಲ್ಲ.
ಗೆದ್ದದ್ದನ್ನೇ ಬರೆದುಕೊಟ್ಟ.

ಹಾಗಾಗಿ ಸಂಸ್ಥೆಯ ಸ್ಥಿರಾಸ್ತಿ:
ಒಂಬತ್ತು ಅಡಿ ಅಗಲ, ಇನ್ನೂರ ಹತ್ತು ಅಡಿ ಉದ್ದ.

ಪತ್ರದ ಬೆನ್ನಿಗೆ ಪೆನ್ಸಿಲಿನ ಒಂದು ಸಾಲು:
ಮರಳಿಸತಕ್ಕದ್ದು. ವಿ.
ಎಂಬತ್ತೊಂಬತ್ತರಲ್ಲಿ ನಾನದನ್ನು ಓದಿದ್ದೆ.
ಮಡಿಸಿ ಒಳಗಿಟ್ಟೆ. ಗುಮಾಸ್ತೆಗೇಕೆ ಊರ ಉಸಾಬರಿ.
ಮೌನ್ಸಿಯ ಮರಿಮಗಳು ಟಾಮಸಿನ್ ಓಡಿಸುವ ಶಾಲೆಯ ಬಸ್ಸಿನಲ್ಲೇ
ನನ್ನ ಇಬ್ಬರು ಮಕ್ಕಳೂ ಓದು ಮುಗಿಸಿದರು.
ದಿನಾ ಕೈ ಬೀಸುತ್ತಿದ್ದೆ.

ನಿನ್ನೆ ಭಾನುವಾರ, ಬೂಟು ಹಾಕಿಕೊಂಡು ಹತ್ತಿದೆ.
ಮೂಡಲಿಗೆ ಮೌನ್ಸಿ ಹೊಲ, ಈಗ ಪ್ರವಾಸಿಗರ ಡೇರೆ.
ಪಡುವಲಿಗೆ ಬರ್ಕೆಟ್ ಹೊಲ, ಸರ್ಕಾರದ ಪೈನ್ ಮರ, ಒಳಗೆ ಹಗಲಲ್ಲೂ ಕತ್ತಲು.
ತೆಂಕಲಿಗೆ ತೊರೆ. ಬಡಗಲಿಗೆ
ಏನೂ ಇಲ್ಲ, ಬೆಟ್ಟ.
ಗೋಡೆ ಮತ್ತೆ ಬಿದ್ದಿದೆ, ಯಾರೂ ದೂರಿಲ್ಲ.
ಕೆಂಪು ಗುರುತಿನ ಕುರಿ, ನೀಲಿ ಗುರುತಿನ ಕುರಿ, ಎರಡೂ
ನಮ್ಮ ಆಸ್ತಿಯನ್ನು ಬುಡಮಟ್ಟ ಮೇಯುತ್ತಿದ್ದವು.
ಅಪ್ಪ ಎಣಿಸುತ್ತಿದ್ದ ಹಾಗೆ ಎಣಿಸಿದೆ, ಯಾನ್, ಟಾನ್, ಟೆದೆರಾ,
ಐದರ ನಂತರ ಆ ಹಳೆಯ ಅಂಕಿಗಳು ಮರೆತಿದ್ದವು.

ಇವತ್ತು ಪಟ್ಟಿ ಮುಗಿಸಿದೆ.
ಬೆಲೆ: ಖಾಲಿ ಬಿಟ್ಟೆ.
ಷರಾ: ಮರಳಿಸತಕ್ಕದ್ದು, ಈ ಸಲ ಶಾಯಿಯಲ್ಲಿ,
ಕೆಳಗೆ ಟಾಮಸಿನ್ ಮನೆಯ ವಿಳಾಸ.
ಸದ್ಯ ಯಾರ ಸ್ವಾಧೀನದಲ್ಲಿದೆ, ಎಂದು ಕೇಳುವ ಕೊನೆಯ ಅಂಕಣಕ್ಕೆ
ಬರೆದದ್ದನ್ನು ಹುಡುಗ ಎರಡು ಸಲ ಓದಿದ.
"ಕುರಿಗಳೇ?"
ಹೌದಪ್ಪ. ಹನ್ನೊಂದು.